ಗುಬ್ಬಚ್ಚಿಯ ತೂಕ

"ನಾನು ಉಸಿರಾಡ್ತಿರೋವರೆಗೂ ಆ ಗಾಡಿ ಈ ಗೇಟು ದಾಟಲ್ಲ! ದಾಟಲೇಬೇಕು ಅಂದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗು!"

ಅತ್ತೆ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತುಬಿಟ್ಟಿದ್ದರು. ಓಡಿ ಬಂದ ರಭಸಕ್ಕೆ ಒಂದು ಕಾಲಿನ ಚಪ್ಪಲಿ ಅಂಗಳದ ನಡುವೆಯೇ ಉಳಿದಿತ್ತು. ಸೊಸೆ ಕೀಲಿಕೈಯನ್ನು ಮುಷ್ಟಿಯೊಳಗೆ ಬಿಗಿಹಿಡಿದು ಎದುರಿಗೆ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅಳುವಷ್ಟು ಅತ್ತು ಮುಗಿಸಿದವರ ಕಣ್ಣು ಹೇಗಿರುತ್ತದೋ ಹಾಗಿತ್ತು. ಅಷ್ಟರಲ್ಲಿ ಒಳಕೋಣೆಯ ಕಿಟಕಿಯಿಂದ ಒಂದು ದನಿ ತೆವಳಿಕೊಂಡು ಬಂತು.

"ಹ... ಗು... ರ..."

ಇಬ್ಬರೂ ಕಿಟಕಿಯ ಕಡೆ ತಿರುಗಿದರು.

"ಕೇಳಿಸ್ಕೊಂಡ್ಯಾ?" ಎಂದರು ಅತ್ತೆ. "ಹೆತ್ತ ತಾಯಿನ ಕರೆಯೋದು ಮರೆತ ನನ್ನ ಮಗ. ಕಟ್ಕೊಂಡ ನಿನ್ನ ಹೆಸರೂ ಮರೆತ. ಆ ಗಾಡಿ ಒಂದು ಮರೆತಿಲ್ಲ! ಅದನ್ನೇ ಮಾರೋಕೆ ಹೊರಟಿದ್ಯಲ್ಲೇ... ನಿನ್ನ ಎದೇಲಿ ಇರೋದು ಹೃದಯಾನಾ, ತೂಕದ ಕಲ್ಲಾ?"

"ಅತ್ತೆ, ಡಾಕ್ಟರು ಹೇಳಿದ್ದನ್ನ ನೀವೂ ಕೇಳಿದ್ರಿ. ಕುತ್ತಿಗೆ ನರದಲ್ಲಿ ರಕ್ತ ಕಟ್ಕೊಂಡಿದೆ, ಬೇಗ ಆಪರೇಷನ್ ಮಾಡಿ ತೆಗೀದಿದ್ರೆ ಲಕ್ವ ಇನ್ನೊಂದು ಸಲ ಹೊಡೆಯುತ್ತೆ, ಆಗ ನಮ್ಮ ಕೈಲಿ ಏನೂ ಇರಲ್ಲ ಅಂದ್ರು. ಇದ್ದಬದ್ದದ್ದೆಲ್ಲ ಮೊದಲ್ನೇ ಸಲಕ್ಕೇ ಹೋಯ್ತು. ಇನ್ನು ಈ ಮನೇಲಿ ಬೆಲೆಬಾಳೋದು ಅಂತ ಇರೋದು ಅದೊಂದೇ."

"ಅದು ಅವನ ಪ್ರಾಣ!"

"ಪ್ರಾಣ ಉಳಿಸ್ಕೊಳ್ಳೋಕೇ ಮಾರ್ತಿರೋದು ಅತ್ತೆ..."

ಅತ್ತೆಯ ಕೈಗಳು ನಿಧಾನವಾಗಿ ಕೆಳಗಿಳಿದವು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವರು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತರು. ಸೊಸೆ ಹೋಗಿ, ಅಂಗಳದಲ್ಲಿ ಬಿದ್ದಿದ್ದ ಚಪ್ಪಲಿಯನ್ನು ತಂದು ಅವರ ಕಾಲ ಬಳಿ ಇಟ್ಟಳು. ಅತ್ತೆ ಅದನ್ನು ನೋಡದವರ ಹಾಗೆ ಮುಖ ತಿರುಗಿಸಿಕೊಂಡರು.

ಶೆಡ್ಡಿನೊಳಗೆ ಹಳೆಯ ಬೆಡ್‌ಶೀಟು ಹೊದ್ದು ನಿಂತಿದ್ದದ್ದು ಒಂದು ಪುಟ್ಟ ಕಾರು. ಎರಡೇ ಸೀಟು, ಸೊಂಟದೆತ್ತರದ ಮೈ, ಮುಂದೆ ದುಂಡನೆಯ ಎರಡು ಕಣ್ಣು. ರೇಸಿನ ಓಟಕ್ಕೆಂದು ಯಾವುದೋ ಕಾಲದಲ್ಲಿ, ಯಾವುದೋ ಸಣ್ಣ ಕಾರ್ಖಾನೆಯಲ್ಲಿ, ತಯಾರಾದ ಕೆಲವೇ ಕೆಲವು ಗಾಡಿಗಳಲ್ಲಿ ಅದೊಂದು. ಮೈಗೆ ಕಬ್ಬಿಣದ ತಗಡಿಲ್ಲ, ಬರಿಯ ಫೈಬರು. ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬಿಯ ಸದ್ದು. ನಾಲ್ಕು ಜನ ಸೇರಿದರೆ ಎತ್ತಿ ಪಕ್ಕಕ್ಕಿಡಬಹುದು. ಮುರಿದ ಸಾಮಾನಿನ ರಾಶಿಯಲ್ಲಿ ಕೊಳೆಯುತ್ತಿದ್ದ ಅದನ್ನು ಈ ಮನೆಯ ಮಗ ಹರೆಯದಲ್ಲಿ ಕಂಡು, ಕಬ್ಬಿಣ ಕಡೆಯುವ ತನ್ನ ಲೇತ್ ಅಂಗಡಿಯ ದುಡಿಮೆಯನ್ನೆಲ್ಲ ಅದರ ಮೇಲೆ ಸುರಿದು, ತಾನೇ ಕೈಯಾರೆ ಎಬ್ಬಿಸಿ ನಿಲ್ಲಿಸಿದ್ದ. ಅದಕ್ಕೆ ಗುಬ್ಬಚ್ಚಿ ಎಂದು ಹೆಸರಿಟ್ಟಿದ್ದೂ ಅವನೇ. "ಗಾಡಿ ಅಂದ್ರೆ ಹಗುರ ಇರ್ಬೇಕು ಕಣ್ರೋ. ಭಾರ ಇದ್ರೆ ಅದು ಬರೀ ಸಾಗಾಟ, ಹಗುರ ಇದ್ರೆ ಅದು ಹಾರಾಟ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದುದರಿಂದ ಬೀದಿಯವರು ಅವನನ್ನು ಹಗುರಣ್ಣ ಎಂದೇ ಕರೆಯುತ್ತಿದ್ದರು.

ಸೊಸೆಗೂ ಅಂಥದೇ ಒಂದು ಅಡ್ಡಹೆಸರು. ಊರಿನ ಮನೆಗಳೆಲ್ಲ ಮುಗಿಯುವಲ್ಲಿ, ಕಲ್ಲು ಮರಳು ಹೊತ್ತ ಲಾರಿಗಳು ನಿಂತು ತೂಗಿಸಿಕೊಂಡು ಹೋಗುವ ವೇಬ್ರಿಡ್ಜ್ ಒಂದಿದೆ. ಅದರ ಪಕ್ಕದ ಕಿಟಕಿಯ ಕೋಣೆಯಲ್ಲಿ ಕೂತು ತೂಕ ನೋಡಿ ಚೀಟಿ ಬರೆದುಕೊಡುವುದು ಅವಳ ಕೆಲಸ, ಮದುವೆಗೂ ಮುಂಚಿನಿಂದ. ಎಷ್ಟು ಪುಸಲಾಯಿಸಿದರೂ ಒಂದು ಕಿಲೋ ಅತ್ತಿತ್ತ ಬರೆಯದವಳು. ಅದಕ್ಕೇ ಲಾರಿಯವರು ಅವಳನ್ನು ತಕ್ಕಡಿಯ ಮುಳ್ಳಿಗೆ ಹೋಲಿಸಿ ಮುಳ್ಳಕ್ಕ ಅನ್ನುತ್ತಿದ್ದರು. "ಮುಳ್ಳಕ್ಕಾ, ಬೆಳಿಗ್ಗೆ ಊಟ ಸ್ವಲ್ಪ ಜಾಸ್ತಿ ಆಯ್ತು, ಅದನ್ನ ಕಳೆದು ಬರೀರಿ" ಎಂದರೆ, "ಇಳಿದು ಆಚೆ ನಿಂತ್ಕೊಳ್ಳಣ್ಣಾ, ಊಟದ ಸಮೇತ ಕಳೀತೀನಿ" ಎನ್ನುವಳು. ಅತ್ತೆಯೂ ಅವಳನ್ನು ಮುಳ್ಳು ಎಂದೇ ಕರೆಯುತ್ತಿದ್ದರು. ಅವರು ಹೇಳುತ್ತಿದ್ದ ಮುಳ್ಳು ಮಾತ್ರ ತಕ್ಕಡಿಯದಲ್ಲ, ಕಾಲಿಗೆ ಚುಚ್ಚುವಂಥದು.

ಹಗುರಣ್ಣ ಮುಳ್ಳಕ್ಕನನ್ನು ಕಂಡದ್ದು ಆ ಕಿಟಕಿಯಲ್ಲೇ. ಗುಬ್ಬಚ್ಚಿಯ ಒಂದೊಂದು ಭಾಗ ಕಿತ್ತುಹಾಕಿದಾಗಲೂ ಅವನು ತೂಗಿಸಲು ಬರುತ್ತಿದ್ದ. "ರೇಡಿಯೋ ಕಿತ್ತೆ ಮೇಡಂ, ಎಷ್ಟಿಳೀತು ನೋಡಿ." ಮುಂದಿನ ವಾರ, "ಕಾಲಡಿಯ ಹಾಸು ತೆಗೆದೆ." ಅದರ ಮುಂದಿನ ವಾರ, "ಹೆಚ್ಚುವರಿ ಚಕ್ರ ಮನೇಲಿಟ್ಟು ಬಂದೆ." ಲಾರಿಗಳ ಸಾಲಿನ ನಡುವೆ ಆ ಪುಟಾಣಿ ಗಾಡಿ ಬಂದು ನಿಂತರೆ ಹಮಾಲರೆಲ್ಲ ನಗುವರು. ಕೊನೆಗೊಂದು ದಿನ ಅವಳೇ ಕೇಳಿದಳು, "ಇನ್ನು ಕೀಳೋಕೆ ಏನೂ ಉಳಿದಿಲ್ವಲ್ಲ ರೀ, ಮುಂದಿನ ವಾರ ಏನು ನೆಪ ತರ್ತೀರಾ?" ಅವನು ತಲೆ ಕೆರೆದುಕೊಂಡ. "ನಂಗೂ ಅದೇ ಯೋಚನೆ ಆಗಿದೆ. ಪಕ್ಕದ ಸೀಟು ಒಂದು ಖಾಲಿ ಇದೆ. ಅದನ್ನೂ ಕಿತ್ತು ಹಾಕ್ಲಾ... ಇಲ್ಲ, ನೀವು ಕೂತ್ಕೋತೀರಾ?"

ಅವಳು ಕೂತಳು. ಆ ಸೀಟಿನಲ್ಲಿ ಅದುವರೆಗೆ ಕೂರುತ್ತಿದ್ದವರು ಅವನ ತಾಯಿ. ಎರಡೇ ಸೀಟಿನ ಗಾಡಿಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ಗೇಟಿನ ಬಳಿ ಉಳಿಯಲೇಬೇಕು. ಅತ್ತೆಯ ಸಿಟ್ಟಿನ ಬೇರು ಅಷ್ಟೇ ಸಣ್ಣದಿತ್ತು. ಆದರೆ ಸಣ್ಣ ಬೇರಿಗೂ ದಿನಾ ನೀರು ಸಿಕ್ಕರೆ ಗೋಡೆ ಸೀಳುವಷ್ಟು ಬಲ ಬರುತ್ತದೆ.

ಆಮೇಲೆ ಆ ದಿನ ಬಂತು. ಅವಳು ತುಂಬಿದ ಬಸುರಿ. ಸಂಜೆ ಗಂಡನ ಜೊತೆ ಗುಬ್ಬಚ್ಚಿಯಲ್ಲಿ ಬರುವಾಗ, ತಿರುವಿನಲ್ಲಿ ಎದುರಾದ ಒಂದು ಗೂಡ್ಸ್ ಗಾಡಿಯ ಮೂಲೆ ಅವಳ ಕಡೆಯ ಬಾಗಿಲಿಗೆ ತಾಗಿತು. ದೊಡ್ಡ ಪೆಟ್ಟೇನಲ್ಲ. ಬೇರೆ ಗಾಡಿಯಾಗಿದ್ದರೆ ಬಣ್ಣ ಹೋಗುತ್ತಿತ್ತು, ಅಷ್ಟೇ. ಆ ಹಗುರದ ಬಾಗಿಲು ಕಾಗದದ ಹಾಗೆ ಒಳಕ್ಕೆ ಮಡಚಿಕೊಂಡಿತು. ಅವಳು ಉಳಿದಳು; ಹೊಟ್ಟೆಯೊಳಗಿನದು ಉಳಿಯಲಿಲ್ಲ. ಇನ್ನು ಮುಂದೆಯೂ ಆಸೆ ಇಟ್ಟುಕೊಳ್ಳಬೇಡಿ ಎಂದರು ವೈದ್ಯರು.

"ಹೊಟ್ಟೇಲಿ ಇಟ್ಕೊಂಡು ಕಾರಲ್ಲಿ ಮೆರೆಯೋಕೆ ಹೋದ್ಲಲ್ಲ, ಮಹಾರಾಣಿ!" ಎಂದರು ಅತ್ತೆ, ಅವಳು ಹಾಸಿಗೆಯಲ್ಲಿರುವಾಗಲೇ. ಆ ಮಾತನ್ನು ಅವಳು ಹೇಗೋ ನುಂಗಿಕೊಂಡಳು. ನುಂಗಲಾರದೆ ಹೋದದ್ದು ಗಂಡನ ನಡತೆಯನ್ನು. ಅವನು ಅವಳ ಬಳಿ ಬಂದು ಕೂರಲಿಲ್ಲ, ಒಂದು ಮಾತು ಆಡಲಿಲ್ಲ. ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡ. ದಿನಗಟ್ಟಲೆ ಅಲ್ಲಿಂದ ಉಜ್ಜುವ, ಕೊರೆಯುವ, ಬಡಿಯುವ ಸದ್ದು. ಇವಳು ಗೋಡೆಗೆ ಮುಖ ಮಾಡಿ ಮಲಗಿ ಆ ಸದ್ದನ್ನು ಕೇಳುತ್ತಿದ್ದಳು. "ನೋಡಿದ್ಯಾ? ಹೆಂಡ್ತಿ ಸತ್ತು ಬದುಕಿದ್ದಾಳೆ, ಇವನು ಕಾರಿಗೆ ಆರೈಕೆ ಮಾಡ್ತಿದ್ದಾನೆ" ಎಂದರು ಅತ್ತೆ. ಅಂದು ಮಾತ್ರ ಅತ್ತೆಯ ಮಾತು ಅವಳಿಗೆ ಸರಿಯೆನಿಸಿತು.

ಗಾಡಿ ಮತ್ತೆ ಹೊಸದರಂತೆ ಹೊರಬಂತು. ಅವಳ ಕಡೆಯ ಬಾಗಿಲಿನ ಒಳಮೈಗೆ ಕಂದು ಚರ್ಮದ ಹೊಸ ಹೊದಿಕೆ ಹೊಲಿದು ಕೂರಿಸಿದ್ದ. ಬಹಳ ದಿನ ಅವಳು ಅದರ ಹತ್ತಿರ ಸುಳಿಯಲಿಲ್ಲ. ಆಮೇಲೆ, ಬೇಡವೆನ್ನುವ ಶಕ್ತಿಯೂ ಇಲ್ಲದೆ, ಅವನ ಜೊತೆ ಕೂರತೊಡಗಿದಳು. ಅಲ್ಲಿಂದ ಒಂದು ಹೊಸ ಅಭ್ಯಾಸ ಶುರುವಾಯಿತು. ಬಾಗಿಲನ್ನು ಅವಳು ಮುಟ್ಟುವಂತಿರಲಿಲ್ಲ. ಅವನೇ ಸುತ್ತು ಹಾಕಿ ಬಂದು ತೆರೆಯುವನು, ಅವನೇ ಎರಡು ಕೈಯಲ್ಲಿ ಹಿಡಿದು ಹಾಕುವನು. ಅವಳು ಮರೆತು ಕೈ ಇಟ್ಟರೆ, "ಹಗುರಕ್ಕೆ... ಹಗುರಕ್ಕೆ..." ಎಂದು ಓಡಿ ಬರುವನು. ಇನ್ನೊಂದು, ಅವನು ಗುಬ್ಬಚ್ಚಿಯನ್ನು ವೇಬ್ರಿಡ್ಜಿಗೆ ತರುವುದನ್ನೇ ಬಿಟ್ಟುಬಿಟ್ಟ. ಒಮ್ಮೆ ಅವಳೇ ಬಾಯಿಬಿಟ್ಟು ಕೇಳಿದಳು, "ಈಗ ತೂಗಿಸಲ್ವಾ?" ಅವನು ಬೇರೆ ಕಡೆ ನೋಡುತ್ತಾ, "ಸಾಕು ಬಿಡು" ಎಂದ. ಇನ್ನು ಈ ಕಿಟಕಿಗೆ ಬರುವ ನೆಪ ಅವನಿಗೆ ಬೇಕಿಲ್ಲ ಎಂದುಕೊಂಡಳು ಅವಳು. ತಲೆ ನರೆಯುವವರೆಗೂ ಅವರು ಒಂದೇ ಸೂರಿನಡಿ, ಆಡದೆ ಉಳಿದ ಆ ಒಂದು ಮಾತಿನ ಆಚೆ ಈಚೆ ಬಾಳಿದರು.

ಒಂದು ಮುಂಜಾನೆ ಅವನು ಲೇತಿನ ಮುಂದೆ ಕುಸಿದು ಬಿದ್ದ. ಬಲಭಾಗ ಹೋಯಿತು, ಮಾತು ಹೋಯಿತು. ನೂರಾರು ಮಾತುಗಳಲ್ಲಿ ಭಗವಂತ ಅವನ ನಾಲಿಗೆಯ ಮೇಲೆ ಉಳಿಸಿದ್ದು ಒಂದೇ ಒಂದನ್ನು. ಹಸಿವಾದರೂ ಹಗುರ, ನೋವಾದರೂ ಹಗುರ, ಅವಳು ಹೊದಿಕೆ ಸರಿಮಾಡಿದರೂ ಹಗುರ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳ ಎದೆಯೊಳಗೆ ಏನೋ ಮುರಿಯುತ್ತಿತ್ತು. ಇಷ್ಟು ವರ್ಷ ಬಾಳಿದ್ದಕ್ಕೆ ಉಳಿದದ್ದು ಇದೇನಾ? ಕೊನೆಗೂ ಆ ಗಾಡಿಯೇನಾ...?

ಕೊಳ್ಳುವವರು ಬಂದದ್ದು ಶೆಡ್ಡಿನ ಮುಂದೆ ಆ ಜಗಳವಾದ ಮೂರನೆಯ ದಿನ. ಹಳೆಯ ಅಪರೂಪದ ಗಾಡಿಗಳನ್ನು ಕೂಡಿಡುವ ಒಂದು ಸಂಗ್ರಹಾಲಯದ ಪರವಾಗಿ ಬಂದವರು. ನರೆತ ಗಡ್ಡ, ಮೆತ್ತನೆಯ ಮಾತು. ಅತ್ತೆ ಅವರಿಗೆ ಕುರ್ಚಿ ಕೂಡ ಕೊಡಲಿಲ್ಲ. ಬೆಡ್‌ಶೀಟು ಸರಿಸಿದ ಕೂಡಲೇ ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು, ದೇವರ ಕೋಣೆಗೆ ಬಂದವರ ಹಾಗೆ. ಅದೊಂದಕ್ಕೆ ಅತ್ತೆಯ ಮುಖ ಸ್ವಲ್ಪ ಸಡಿಲಿತು.

"ಎಂಥಾ ಕೈ ಅಮ್ಮಾ ನಿಮ್ಮ ಮಗನದು!" ಎಂದರು ಅವರು. ಚಾಲಕನ ಕಡೆಯ ಬಾಗಿಲನ್ನು ಒಂದೇ ಬೆರಳಲ್ಲಿ ತೆರೆದರು. ಆಮೇಲೆ ಸುತ್ತು ಹಾಕಿ ಇನ್ನೊಂದು ಕಡೆಯ ಬಾಗಿಲಿಗೆ ಬೆರಳಿಟ್ಟರು. ಅದು ಅಲುಗಲಿಲ್ಲ. ಕೈ ಹಾಕಿ ಎಳೆದರು. ಹುಬ್ಬು ಮೇಲೇರಿತು. ಬಾಗಿಲನ್ನು ಮುಚ್ಚಿ, "ಇದನ್ನೊಮ್ಮೆ ತೂಗಿಸಬೇಕಲ್ಲ" ಎಂದರು. "ಈ ಗಾಡಿಯ ಬೆಲೆ ಇರೋದೇ ಹಗುರದಲ್ಲಿ. ಕಾರ್ಖಾನೆಯಿಂದ ಬಂದಾಗಿನ ತೂಕಕ್ಕೆ ಹೊಂದಬೇಕು, ಹತ್ತು ಕಿಲೋ ಹೆಚ್ಚುಕಮ್ಮಿ ಪರವಾಗಿಲ್ಲ. ತೂಕದ ಚೀಟಿ ಒಂದಿದ್ರೆ ಇವತ್ತು ಸಂಜೇನೇ ಪೂರ್ತಿ ಹಣ ನಿಮ್ಮ ಕೈಲಿರುತ್ತೆ. ಚೀಟಿ ಇಲ್ಲದಿದ್ರೆ ನಮ್ಮವರು ಬಿಡಲ್ಲ."

"ತೂಗಿಸೋಣ ಸಾರ್" ಎಂದಳು ಸೊಸೆ. "ನಾನೇ ತೂಗ್ತೀನಿ."

ಗಂಡನ ಬಳಿ ಪಕ್ಕದ ಮನೆಯ ದರ್ಜಿಯನ್ನು ಕೂರಿಸಿ, ಅತ್ತೆ ಸೊಸೆ ಇಬ್ಬರೂ ವೇಬ್ರಿಡ್ಜಿಗೆ ಹೋದರು. ಹೊರಗಿನ ಅಂಕಿ ಹಲಗೆ ಕೆಟ್ಟುಹೋಗಿ ತಿಂಗಳಾಗಿತ್ತು. ತೂಕ ಕಾಣುವುದು ಒಳಗೆ ಕೂತವರಿಗೆ ಮಾತ್ರ. ಅವರು ಕಿಟಕಿಯಿಂದ ಕೂಗಿ ಹೇಳಿ ಚೀಟಿ ಬರೆದು ಕೊಡಬೇಕು. ಅವಳು ತನ್ನ ಜಾಗದಲ್ಲಿ ಕೂತಳು. ಅತ್ತೆ ಅವಳ ಹಿಂದೆ ನಿಂತರು. ಎಷ್ಟೋ ವರ್ಷಗಳ ಮೇಲೆ ಗುಬ್ಬಚ್ಚಿ ಮತ್ತೆ ಆ ಕಬ್ಬಿಣದ ಹಾಸಿನ ಮೇಲೆ ಹತ್ತಿತು. ಗಡ್ಡದವರ ಜೊತೆ ಬಂದಿದ್ದ ಮೆಕ್ಯಾನಿಕ್ಕು ಅದನ್ನು ನಿಲ್ಲಿಸಿ ಇಳಿದು ಆಚೆ ನಿಂತ. ಹಿಂದಿನಿಂದ ಒಬ್ಬ ಲಾರಿಯವನು, "ಏನ್ ಮುಳ್ಳಕ್ಕಾ, ಹಗುರಣ್ಣ ಮತ್ತೆ ನೆಪ ಹುಡುಕಿದ್ನಾ?" ಎಂದು ಕೂಗಿದ. ಪಾಪ, ಅವನಿಗೆ ವಿಷಯ ಗೊತ್ತಿರಲಿಲ್ಲ.

ಅಂಕಿಗಳು ಓಡಿ, ನಡುಗಿ, ನಿಂತವು.

ಅವಳು ಕಣ್ಣು ಮುಚ್ಚಿ ತೆರೆದಳು. ಅಂಕಿ ಬದಲಾಗಲಿಲ್ಲ. ಗಡ್ಡದವರು ಹೇಳಿದ್ದ ಕಾರ್ಖಾನೆಯ ತೂಕಕ್ಕಿಂತ ನಲವತ್ತೆಂಟು ಕಿಲೋ ಹೆಚ್ಚು! ಅವಳ ನೆನಪಿನಲ್ಲಿದ್ದ ಗುಬ್ಬಚ್ಚಿಯ ತೂಕಕ್ಕಿಂತಲೂ ಹೆಚ್ಚು.

"ಏನಾಯ್ತೇ?" ಅತ್ತೆ ಬಾಗಿದರು. ಅಂಕಿ ಅವರಿಗೆ ಮಸುಕು, ಸೊಸೆಯ ಮುಖ ಸ್ಪಷ್ಟ.

"ಜಾಸ್ತಿ ತೋರಿಸ್ತಿದೆ ಅತ್ತೆ..."

"ತೋರಿಸ್ಲಿ! ಅದು ತೋರಿಸೋದು ನಿಂಗೊಬ್ಬಳಿಗೇ ತಾನೇ? ಅವರು ಹೇಳಿದ್ದನ್ನೇ ನೀನೂ ಹೇಳು."

"ಅತ್ತೆ!"

"ಅತ್ತೆ ಇಲ್ಲ ಗಿತ್ತೆ ಇಲ್ಲ! ಇಷ್ಟು ವರ್ಷ ನಿನ್ನ ಕೈಲಿ ಏನೂ ಕೇಳಿಲ್ಲ ನಾನು. ಇವತ್ತು ಕೇಳ್ತೀನಿ. ನನ್ನ ಮಗನ ಉಸಿರು ಆ ನಿನ್ನ ನಾಲಿಗೆ ತುದೀಲಿದೆ ಕಣೇ... ಒಂದು ಸುಳ್ಳು... ಒಂದೇ ಒಂದು!" ಅತ್ತೆ ಅವಳ ಭುಜ ಹಿಡಿದು ಅಲುಗಿಸಿದರು. ಆಮೇಲೆ, ಆ ಗಟ್ಟಿ ಹೆಂಗಸು, ಸೊಸೆಯ ಕಾಲಿಗೆ ಕೈ ಚಾಚಿದರು. "ನಿನ್ನ ದಮ್ಮಯ್ಯ..."

ಹೊರಗೆ ಗಡ್ಡದವರು ಕಾಯುತ್ತಿದ್ದರು. ಹೇಳಿಬಿಡಲೇ? ಯಾರಿಗೆ ತಿಳಿಯುತ್ತದೆ? ಅವಳು ಬಾಯಿ ತೆರೆದಳು. ಆದರೆ ಬದುಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಕೂಗಿದ ನಾಲಿಗೆ ಅದು. ಹರಿಯುವ ನೀರಿನ ಹಾಗೆ ತನ್ನ ಹಳೆಯ ದಾರಿಯಲ್ಲೇ ಹೋಯಿತು. ಇದ್ದ ತೂಕವೇ ಹೊರಬಂತು. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು.

ಅತ್ತೆ ನೆಲದ ಮೇಲೆ ಕೂತುಬಿಟ್ಟರು. "ಕೊಂದ್ಬಿಟ್ಯಲ್ಲೇ... ಮುಳ್ಳೇ... ಕೊಂದ್ಬಿಟ್ಯಲ್ಲೇ..."

ಗಡ್ಡದವರು ಕಿಟಕಿಯ ಬಳಿ ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸೋಜಿಗವಿತ್ತು. "ಒಳಗೆ ಯಾರೋ ಒಬ್ಬ ಹೆಣ್ಣುಮಗಳು ಕೂತ ಹಾಗಿದೆಯಲ್ಲಮ್ಮಾ ಲೆಕ್ಕ! ಆ ಬಾಗಿಲು ಒಮ್ಮೆ ಬಿಚ್ಚಿ ನೋಡಲಾ?"

ಮೆಕ್ಯಾನಿಕ್ಕು ಅಲ್ಲೇ, ವೇಬ್ರಿಡ್ಜಿನ ಪಕ್ಕದ ಬೇಲಿಯ ನೆರಳಲ್ಲಿ, ಕಂದು ಚರ್ಮದ ಹೊಲಿಗೆ ಬಿಡಿಸಿದ. ಹೊದಿಕೆ ಕೆಳಗಿಳಿಯಿತು. ಮೂರು ದಪ್ಪ ಕಬ್ಬಿಣದ ಪೈಪುಗಳು, ಒಂದರ ಕೆಳಗೊಂದು, ಬಾಗಿಲಿನ ಈ ತುದಿಯಿಂದ ಆ ತುದಿಗೆ. ಅವುಗಳ ತುದಿಗಳನ್ನು ಕೈಗೆ ತರಚದ ಹಾಗೆ ಉಜ್ಜಿ ದುಂಡಗೆ ಮಾಡಿತ್ತು. ಸೀಟು ಎತ್ತಿದರೆ ಅದರಡಿ, ಸೊಂಟಕ್ಕೆ ಆನಿಸುವ ಕಡೆ, ಬೆರಳು ದಪ್ಪದ ತಗಡು, ತೊಟ್ಟಿಲಿನ ಹಾಗೆ ಬಾಗಿಸಿದ್ದು. ಮೆಕ್ಯಾನಿಕ್ಕು ಎದ್ದು ಹೋಗಿ ಚಾಲಕನ ಕಡೆಯ ಬಾಗಿಲನ್ನೂ ತಟ್ಟಿ ನೋಡಿದ. ಖಾಲಿ ಡಬ್ಬಿಯ ಸದ್ದು.

"ಆ ಕಡೆ ಏನೂ ಇಲ್ಲ ಸಾರ್" ಎಂದ ಅವನು. "ತಮ್ಮ ಕಡೆ ಒಂದು ಚೂರೂ ಹಾಕ್ಕೊಂಡಿಲ್ಲ ಇವರು. ಎಲ್ಲಾ ಪಕ್ಕದ ಸೀಟಿಗೇ."

ಸೊಸೆ ಮಂಡಿಯೂರಿದಳು. ಒಂದು ಪೈಪಿನ ಮೇಲೆ ಕೈಯಿಟ್ಟಳು. ಬಿಸಿಲಿಗೆ ಬೆಚ್ಚಗಾಗಿತ್ತು ಅದು, ಮನುಷ್ಯರ ಮೈಯ ಹಾಗೆ. ಆ ದಿನಗಳ ಸದ್ದು ಮತ್ತೆ ಕೇಳಿಸಿತು... ಉಜ್ಜುವ ಸದ್ದು, ಕೊರೆಯುವ ಸದ್ದು, ಗೋಡೆಗೆ ಮುಖ ಮಾಡಿ ಮಲಗಿ ತಾನು ಶಪಿಸಿದ ಸದ್ದು. ಬಾಗಿಲ ಭಾರಕ್ಕೆ ಕೀಲು ಜೋತುಬಿಟ್ಟೀತೆಂದು ಓಡಿ ಬರುತ್ತಿದ್ದದ್ದು... ತೂಗಿಸಿದರೆ ಇವಳಿಗೆ ತಿಳಿದುಬಿಡುತ್ತದೆಂದು ತೂಗಿಸುವುದನ್ನೇ ಬಿಟ್ಟದ್ದು... ಹಗುರವೇ ದೇವರೆಂದು ನಂಬಿದ್ದವನು ತನ್ನ ದೇವರನ್ನು ಕೈಯಾರೆ ಒಡೆದು ಅವಳ ಪಕ್ಕದಲ್ಲಿ ಗೋಡೆ ಕಟ್ಟಿದ್ದ. ಹೇಳಿದ್ದರೆ ತಪ್ಪು ತನ್ನದೆಂದು ಒಪ್ಪಿಕೊಳ್ಳಬೇಕಿತ್ತು. ಬಾಯಲ್ಲಿ ಒಪ್ಪಿಕೊಳ್ಳಲಾರದ್ದನ್ನು ಕಬ್ಬಿಣದಲ್ಲಿ ಒಪ್ಪಿಕೊಂಡಿದ್ದ.

"ಅಯ್ಯೋ... ಹೇಳ್ಬಾರ್ದಿತ್ತಾ ರೀ... ಒಂದು ಮಾತು ಹೇಳ್ಬಾರ್ದಿತ್ತಾ!"

ಅಳು ಆಗ ಬಂತು. ಲಾರಿಗಳ ಸಾಲು ನಿಂತಲ್ಲೇ ನಿಂತಿತ್ತು. ಒಬ್ಬನೂ ಹಾರ್ನ್ ಮಾಡಲಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಿನ ಒಳಗನ್ನು ನೋಡಿದರು. ನೋಡುತ್ತಲೇ ಇದ್ದರು.

ಗಡ್ಡದವರು ಅವಳ ಹತ್ತಿರ ಬಂದರು. "ಹೀಗೇ ತಗೊಂಡ್ರೆ ಅರ್ಧ ಬೆಲೆನೂ ಬರಲ್ಲಮ್ಮಾ. ಅದು ನಿಮ್ಮ ಆಸ್ಪತ್ರೆಗೆ ಸಾಲಲ್ಲ. ಇದನ್ನೆಲ್ಲ ತೆಗೆಸಿ ಮೊದಲಿನ ಹಾಗೆ ಮಾಡಿದ್ರೆ ಪೂರ್ತಿ ಕೊಡಿಸ್ತೀನಿ. ಬೆಂಕಿ ತೋರಿಸಿದ್ರೆ ಫೈಬರ್ ಸುಟ್ಟುಹೋಗುತ್ತೆ, ಕೈಗರಗಸದಲ್ಲೇ ಕೊಯ್ಯಬೇಕು. ಕೆಲವು ದಿನ ಹಿಡಿಯುತ್ತೆ." ತಲೆ ತಗ್ಗಿಸಿದರು. "ಕೇಳೋಕೆ ನಂಗೂ ಬಾಯಿ ಬರ್ತಿಲ್ಲ. ಏನ್ಮಾಡ್ಲಿ ಹೇಳಿ."

ಅವಳು ಕಣ್ಣೊರೆಸಿಕೊಂಡಳು. "ಕೊಯ್ಯಿರಿ" ಎಂದಳು.

ಆ ಸಂಜೆ ಅವಳು ಗಂಡನ ಮಂಚದ ಪಕ್ಕ ಕೂತಳು. ಕಿಟಕಿಯಾಚೆ ಶೆಡ್ಡಿನಿಂದ ಗರಗಸದ ಸದ್ದು ಆಗಲೇ ಶುರುವಾಗಿತ್ತು. ಅವನ ಕಣ್ಣು ಆ ಕಡೆ ಹೋಯಿತು, ಗಾಬರಿಯಿಂದ ಅವಳ ಕಡೆ ಬಂತು.

"ನೋಡ್ದೆ ರೀ" ಎಂದಳು ಅವಳು. "ಬಾಗಿಲೊಳಗೆ ಇದ್ದದ್ದನ್ನ ನೋಡ್ದೆ."

ಅವನ ತುಟಿ ನಡುಗಿತು. "ಹ... ಗು..."

"ಹಗುರ ಅಲ್ಲ ರೀ. ಎಷ್ಟು ಭಾರ ಹೊತ್ಕೊಂಡಿದ್ರಿ ನೀವು! ಆ ಗಾಡೀಲೂ, ಈ ಎದೇಲೂ... ನಾನು ಊರ ಲಾರಿಗಳ ತೂಕ ಎಲ್ಲಾ ಹೇಳ್ದೆ, ನನ್ನ ಮನೇದು ನಂಗೆ ಗೊತ್ತಾಗ್ಲಿಲ್ಲ..." ಅವಳು ಅವನ ಎದೆಯ ಮೇಲೆ ಹಣೆಯಿಟ್ಟಳು. ಅವನ ಎಡಗೈ ನಿಧಾನವಾಗಿ ಎದ್ದು ಅವಳ ತಲೆಯ ಮೇಲೆ ಬಂದು ಇಳಿಯಿತು. ಎಷ್ಟು ಮೆಲ್ಲಗೆ ಇಳಿಯಿತೆಂದರೆ, ಆ ಬಾಗಿಲನ್ನು ಹಾಕುತ್ತಿದ್ದನಲ್ಲ, ಹಾಗೆ. ಅವಳಿಗೆ ಆಗ ತಿಳಿಯಿತು: ಅವನ ನಾಲಿಗೆಯ ಮೇಲೆ ಉಳಿದ ಆ ಒಂದು ಮಾತು ಗಾಡಿಯದಲ್ಲ. ಅವಳು ಆ ಸೀಟಿನಲ್ಲಿ ಕೂತ ಮೇಲೆ, ಬಾಗಿಲು ಹಾಕುವಾಗ, ಅವಳಿಗೆಂದು ಆಡುತ್ತಿದ್ದ ಮಾತು ಅದು. ಅವಳನ್ನು ಕರೆಯಲು ಅವನಿಗೆ ಬೇರೆ ಹೆಸರು ಬೇಕಿರಲಿಲ್ಲ.

ಬಾಗಿಲ ಸಂದಿಯಲ್ಲಿ ಅತ್ತೆ ನಿಂತಿದ್ದರು. ಒಳಗೆ ಬರಲಿಲ್ಲ. ಹಾಲಿನ ಲೋಟವನ್ನು ಹೊಸ್ತಿಲ ಮೇಲಿಟ್ಟು, ಬಂದ ಹಾಗೇ ಹಿಂದೆ ಸರಿದು ಹೋದರು.

ಗರಗಸದ ಕೆಲಸ ನಿಧಾನಕ್ಕೆ ನಡೆಯಿತು. ಅವನು ಅಷ್ಟು ಗಟ್ಟಿಯಾಗಿ ಕೂರಿಸಿದ್ದ! "ಬಿಡೋಕೇ ಒಪ್ತಿಲ್ಲಮ್ಮಾ ಇದು" ಎಂದ ಮೆಕ್ಯಾನಿಕ್ಕು, ಹಣೆಯ ಬೆವರೊರೆಸುತ್ತಾ. ಆ ದಿನಗಳಲ್ಲಿ ಅವಳು ಗಂಡನ ಬಳಿ ಕೂತು ಹಳೆಯದನ್ನೆಲ್ಲ ಆಡಿದಳು. ರೇಡಿಯೋ ಕಿತ್ತದ್ದು, ಚಕ್ರ ಮನೆಯಲ್ಲಿಟ್ಟು ಬಂದದ್ದು... ಅವನು ಬಾಯಿಯ ಒಂದೇ ಬದಿಯಲ್ಲಿ ನಗುತ್ತಿದ್ದ. ಅವಳ ದಾಂಪತ್ಯದ ಒಳ್ಳೆಯ ದಿನಗಳೆಂದರೆ ಇವೇ. ದೇವರು ಕೊಡುವಾಗ ಎಷ್ಟು ಕೊಡಬೇಕೆಂದು ಅವನಿಗೇ ಗೊತ್ತು. ನಾವು ಕೈಯೊಡ್ಡುವವರು, ಅಳೆಯುವವರಲ್ಲ.

ಕಬ್ಬಿಣವೆಲ್ಲ ಹೊರಬಂದ ಬೆಳಿಗ್ಗೆ ಗುಬ್ಬಚ್ಚಿ ಮತ್ತೆ ವೇಬ್ರಿಡ್ಜ್ ಹತ್ತಿತು. ಅವಳೊಬ್ಬಳೇ ಹೋಗಿದ್ದಳು, ಅತ್ತೆ ಮಗನ ಬಳಿ ಉಳಿದಿದ್ದರು. ಮರುದಿನವೇ ಆಸ್ಪತ್ರೆಗೆ ಸೇರಿಸುವುದೆಂದು ಮಾತಾಗಿತ್ತು. ಅಂಕಿಗಳು ಓಡಿ, ನಡುಗಿ, ನಿಂತವು. ಹೇಳಿದ ತೂಕಕ್ಕೆ ಕೂದಲೆಳೆಯೂ ತಪ್ಪಿರಲಿಲ್ಲ. ಅವಳು ಕಿಟಕಿಯಿಂದ ಕೂಗಿದಳು. ಚೀಟಿ ಬರೆದು, ಕೆಳಗೆ ತನ್ನ ಸಹಿ ಹಾಕಿದಳು. ಗಡ್ಡದವರು ಕೈ ಮುಗಿದು ಅದನ್ನು ಇಸಿದುಕೊಳ್ಳುತ್ತಿದ್ದರು. ಆಗ ದೂರದಲ್ಲಿ, ಲಾರಿಗಳ ಸಾಲಿನ ನಡುವೆ ದಾರಿ ಮಾಡಿಕೊಂಡು, ಸೈಕಲ್ಲಿನ ಮೇಲೆ ದರ್ಜಿ ಬರುತ್ತಿರುವುದು ಕಾಣಿಸಿತು. ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋಲಾಡುತ್ತಿತ್ತು. ಅವನು ಸೈಕಲ್ಲನ್ನು ನಿಲ್ಲಿಸಲಿಲ್ಲ, ನೆಲಕ್ಕೆ ಬೀಳಿಸಿಬಿಟ್ಟ.

"ತಾಯೀ..." ಎಂದ. ಅದಕ್ಕಿಂತ ಹೆಚ್ಚಿಗೆ ಅವನಿಂದ ಹೇಳಲಾಗಲಿಲ್ಲ.

ಅವಳು ಪೆನ್ನಿನ ಮುಚ್ಚಳ ಹಾಕಿ, ಕಿಟಕಿಯ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದಳು.

ತಿಥಿ ಕಳೆದು ಎಲ್ಲಾ ಮುಗಿದ ಮೇಲೆ, ಬಂದವರೆಲ್ಲ ಹೋದ ಮೇಲೆ, ಗಡ್ಡದವರು ಮನೆಗೆ ಬಂದರು. "ಗಾಡಿ ನಿಮ್ಮ ಹತ್ರಾನೇ ಇರ್ಲಿ ಅಂದ್ರೆ ಇರ್ಲಿ ಅಮ್ಮಾ. ನಾನು ನಮ್ಮವರಿಗೆ ಏನಾದ್ರೂ ಹೇಳ್ಕೋತೀನಿ" ಎಂದರು.

"ಹೋಗ್ಲಿ ಸಾರ್" ಎಂದಳು ಅವಳು. "ಅವರು ಅದನ್ನ ಹೀಗೇ, ಹಗುರವಾಗಿ ನೋಡಬೇಕು ಅಂತಿದ್ದೋರು. ನನ್ನಿಂದ ಭಾರ ಆಯ್ತು ಅದು. ಈಗ ಅದರ ಪಾಡಿಗೆ ಅದು ಹೋಗ್ಲಿ." ಗುಬ್ಬಚ್ಚಿ ಗೇಟು ದಾಟಿತು. ಅತ್ತೆ ಅಡ್ಡ ನಿಲ್ಲಲಿಲ್ಲ.

ಒಂದು ದಿನ ಮಾತ್ರ ಅತ್ತೆ ಅದನ್ನು ಆಡಿಬಿಟ್ಟರು. ಮಗನ ಅಂಗಿಗಳನ್ನು ಮಡಚುತ್ತಿದ್ದವರು ತಟ್ಟನೆ ತಲೆಯೆತ್ತಿ, "ಅವತ್ತು ನೀನು ಸುಳ್ಳು ಹೇಳಿದ್ರೆ ಅವನು ಇರ್ತಿದ್ದ" ಎಂದರು.

"ಹೌದು ಅತ್ತೆ" ಎಂದಳು ಸೊಸೆ. ಆ ಪ್ರಶ್ನೆಯನ್ನು ಅವಳು ಆಗಲೇ ದೇವರ ಮುಂದೆ ಎಷ್ಟೋ ಸಲ ಇಟ್ಟು, ಉತ್ತರವಿಲ್ಲದೆ ಎದ್ದು ಬಂದಿದ್ದಳು. ಹೇಳಿದ್ದರೆ ಅವನು ಉಳಿಯುತ್ತಿದ್ದ. ಅವನ ಮನಸ್ಸು ಇವಳಿಗೆಂದೂ ತಿಳಿಯುತ್ತಿರಲಿಲ್ಲ. ಹೇಳಲಿಲ್ಲ, ತಿಳಿಯಿತು, ಅವನಿಲ್ಲ. ಯಾವುದನ್ನು ಯಾವುದರ ಎದುರಿಗಿಟ್ಟು ತೂಗುವುದು...?

ಅತ್ತೆ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದರು. "ಹೊಟ್ಟೇಲಿ ಇಟ್ಕೊಂಡು ಮೆರೆಯೋಕೆ ಹೋದ್ಲು ಅಂದಿದ್ದೆ ನಾನು" ಎಂದರು, ತಮಗೇ ಹೇಳಿಕೊಳ್ಳುವವರ ಹಾಗೆ. "ಗೋಡೆಯಾಚೆ ಅವನಿಗೆ ಕೇಳಿಸಿರುತ್ತೆ... ಅಲ್ವೇನೇ? ಶೆಡ್ಡಲ್ಲಿ ಕೂತು ಕೇಳಿಸ್ಕೊಂಡಿರ್ತಾನೆ..." ಮುದುಕಿಯ ಭುಜಗಳು ಕುಲುಕತೊಡಗಿದವು. ಸೊಸೆ ಅವರ ಪಕ್ಕಕ್ಕೆ ಹೋಗಿ ಕೂತಳು. ಅಂಗಿಯ ಒಂದು ತೋಳು ಅತ್ತೆಯ ಕೈಯಲ್ಲಿ, ಇನ್ನೊಂದು ತೋಳು ಅವಳ ಕೈಯಲ್ಲಿತ್ತು.

ಈಗ ಆ ಮನೆಯಲ್ಲಿ ಇಬ್ಬರೇ ಹೆಂಗಸರು. ಮುಂಬಾಗಿಲಿನ ಅಗುಳಿ ಹಳೆಯದಾಗಿ ಮುರಿದಾಗ ಅತ್ತೆ ಹೊಸದು ತರಲು ಬಿಡಲಿಲ್ಲ. ಶೆಡ್ಡಿಗೆ ಹೋಗಿ, ಮೂಲೆಗೆ ಒರಗಿಸಿದ್ದ ಮೂರು ಪೈಪುಗಳಲ್ಲಿ ಒಂದನ್ನು ಎಳೆದುಕೊಂಡು ಬಂದು, ಬಾಗಿಲ ಹಿಂದೆ ಅಡ್ಡ ಇಡಲು ಎರಡು ಕೊಂಡಿ ಹಾಕಿಸಿದರು. ದಿನಾ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಸೊಸೆ ವೇಬ್ರಿಡ್ಜಿನಿಂದ ಬರುವವರೆಗೆ ಅವರು ಬಾಗಿಲಲ್ಲೇ ಕಾಯುತ್ತಾರೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯಲ್ಲಿ ಕೂರಬೇಕು. ಕೂತ ಮೇಲೆಯೇ ಅವರು ಬಾಗಿಲು ಹಾಕುವುದು. ಮುದಿ ಕೈಗೆ ಆ ಕಬ್ಬಿಣ ಭಾರ. ಸೊಸೆ ಎದ್ದು ಬಂದು ಕೈ ಹಾಕಲು ಹೋದರೆ ಅವರು ಬಿಡುವುದಿಲ್ಲ.

"ನೀನು ಕೂತ್ಕೋ" ಎನ್ನುತ್ತಾರೆ. ಎರಡೂ ಕೈಯಲ್ಲಿ ಅದನ್ನು ಎತ್ತಿ, ಉಸಿರು ಬಿಗಿಹಿಡಿದು, ಕೊಂಡಿಯೊಳಗೆ ಸದ್ದಾಗದ ಹಾಗೆ ಇಳಿಸುತ್ತಾರೆ. ಇಳಿಸುವಾಗ ಅವರ ತುಟಿಗಳು ಅಲುಗುತ್ತವೆ.

"ಹಗುರಕ್ಕೆ... ಹಗುರಕ್ಕೆ..."